ಬೈಕ್ ಟೈರ್ ಪಂಕ್ಚರ್: ಹಾಕಿಸಿದರೆ ಸಾಕೇ, ಬದಲಿಸಲೇಬೇಕೇ?

ಕನ್ನಡದವರು ಪಂಕ್ಚರ್ 'ಹಾಕಿಸುತ್ತಾರೆ'. ಅಕ್ಕಲಕೋಟೆ, ಜತ್ತದ ಪೇಟೆಯಲ್ಲಿ ಮರಾಠಿಯಲ್ಲಿ ಕೇಳುವಾಗ 'ಪಂಕ್ಚರ್ ಕಾಢಾಯಚಂ ಆಹೆ' ಎನ್ನಬೇಕು, ಅಂದರೆ ತೆಗೆಯಬೇಕು. ತಾಳವಾಡಿ, ಹೊಸೂರಿನಲ್ಲಿ 'ಪಂಚರ್ ಒಟ್ಟಣುಂ', ಅಂದರೆ ಅಂಟಿಸಬೇಕು. ಹಾಕುವುದೋ, ತೆಗೆಯುವುದೋ, ಅಂಟಿಸುವುದೋ, ಮಾತು ಯಾವುದಾದರೇನು? ಗಡಿಯ ಈಚೆಗೂ ಆಚೆಗೂ ಅಂಗಡಿಯ ಮುಂದೆ ನಿಂತ ಬೈಕ್ ಸವಾರನ ಪ್ರಶ್ನೆ ಒಂದೇ: ಇದನ್ನು ರಿಪೇರಿ ಮಾಡಿಸಿದರೆ ಸಾಕೇ, ಅಥವಾ ಹೊಸ ಟೈರನ್ನೇ ಹಾಕಿಸಬೇಕೇ?

ಪ್ರಶ್ನೆ ಚಿಕ್ಕದು, ಆದರೆ ಅದರ ಹಿಂದಿರುವ ವಿಷಯ ಚಿಕ್ಕದಲ್ಲ. ಕಾರಿಗೆ ನಾಲ್ಕು ಚಕ್ರ, ಡಿಕ್ಕಿಯಲ್ಲಿ ಇನ್ನೊಂದು ಸ್ಟೆಪ್ನಿ. ಬೈಕಿಗೆ ಇರುವುದು ಎರಡೇ ಚಕ್ರ. ಅದರಲ್ಲಿ ಒಂದು ಕೈಕೊಟ್ಟರೆ ಹಿಂದೆ ಕುಳಿತ ಹೆಂಡತಿ, ಮುಂದೆ ನಿಂತ ಮಗು, ಪಕ್ಕದಲ್ಲಿ ತೂಗುವ ಹಾಲಿನ ಕ್ಯಾನು ಎಲ್ಲವೂ ರಸ್ತೆಗೆ. ಹಾಗೆಂದು ಪ್ರತಿ ಮೊಳೆಗೂ ಹೊಸ ಟೈರು ಹಾಕಿಸಲು ಯಾರಿಂದಲೂ ಸಾಧ್ಯವಿಲ್ಲ, ಅದರ ಅಗತ್ಯವೂ ಇಲ್ಲ. ನಾಲ್ಕೈದು ವಿಷಯಗಳನ್ನು ಕಣ್ಣಾರೆ ನೋಡಿ ತಿಳಿದುಕೊಂಡರೆ ನಿರ್ಧಾರ ಸುಲಭ.

ರಸ್ತೆಯಲ್ಲೇ ಗಾಳಿ ಹೋದಾಗ

ಬೈಕ್ ಹಾವಿನಂತೆ ಓಲಾಡತೊಡಗಿದರೆ ಹಿಂದಿನ ಟೈರಿನ ಗಾಳಿ ಹೋಗಿದೆ ಎಂದರ್ಥ. ಹ್ಯಾಂಡಲ್ ಭಾರವಾಗಿ ಒಂದು ಕಡೆಗೆ ಎಳೆದರೆ ಮುಂದಿನದು. ಗಾಬರಿಯಿಂದ ಬ್ರೇಕ್ ಒತ್ತುವುದೇ ಬೀಳಲು ಮುಖ್ಯ ಕಾರಣ. ಎಕ್ಸಿಲೇಟರ್ ನಿಧಾನವಾಗಿ ಬಿಡಿ, ಹ್ಯಾಂಡಲನ್ನು ನೇರವಾಗಿ ಹಿಡಿಯಿರಿ, ವೇಗ ತಾನಾಗಿ ಇಳಿಯಲಿ. ಬ್ರೇಕ್ ಬೇಕೇ ಆದರೆ ಗಾಳಿ ಇರುವ ಚಕ್ರದ್ದನ್ನು ಹಗುರವಾಗಿ ಹಿಡಿಯಿರಿ: ಹಿಂದಿನದು ಪಂಕ್ಚರ್ ಆಗಿದ್ದರೆ ಮುಂದಿನ ಬ್ರೇಕ್, ಮುಂದಿನದು ಆಗಿದ್ದರೆ ಹಿಂದಿನ ಬ್ರೇಕ್. ಎಡಕ್ಕೆ ಬಂದು, ಟಾರು ರಸ್ತೆಯಿಂದ ಕೆಳಗಿಳಿದು ನಿಲ್ಲಿಸಿ.

ನಿಲ್ಲಿಸಿದ ಮೇಲೆ ಮಾಡುವ ತಪ್ಪು ಇನ್ನೊಂದಿದೆ. 'ಅಂಗಡಿ ಎರಡೇ ಮೈಲಿ' ಎಂದು ಗಾಳಿ ಇಲ್ಲದ ಟೈರಿನ ಮೇಲೆ ಹತ್ತಿ ಓಡಿಸುವುದು. ಹೀಗೆ ಓಡಿಸಿದರೆ ರಿಮ್ಮಿನ ಅಂಚು ಟೈರಿನ ಪಕ್ಕದ ಗೋಡೆಯನ್ನು ಅರೆಯುತ್ತದೆ, ಒಳಗಿನ ನೂಲುಗಳು ಬಿಸಿಯಾಗಿ ತುಂಡಾಗುತ್ತವೆ. ಟ್ಯೂಬ್ ಇದ್ದರೆ ಅದು ಒಳಗೇ ಸುತ್ತಿಕೊಂಡು ವಾಲ್ವಿನ ಬುಡದಲ್ಲಿ ಹರಿಯುತ್ತದೆ. ಒಂದು ಪ್ಯಾಚಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಟೈರು, ಟ್ಯೂಬು ಎರಡನ್ನೂ ಕೊಳ್ಳಬೇಕಾಗುತ್ತದೆ. ಟ್ಯೂಬ್ ಟೈರಾದರೆ ತಳ್ಳಿಕೊಂಡು ಹೋಗುವುದೇ ಲೇಸು.

ಟ್ಯೂಬ್‌ಲೆಸ್ ಟೈರಾದರೆ ಲೆಕ್ಕ ಬೇರೆ. ಚುಚ್ಚಿದ ಮೊಳೆಯನ್ನು ಅಲ್ಲೇ ಕೀಳಬೇಡಿ. ಆ ಮೊಳೆಯೇ ತೂತಿಗೆ ಬಿರಡೆಯಾಗಿ ಗಾಳಿಯನ್ನು ಹಿಡಿದಿಟ್ಟಿರುತ್ತದೆ. ಪಂಪ್ ಇದ್ದರೆ ಗಾಳಿ ತುಂಬಿ, ಹಿಂಬದಿ ಸವಾರರನ್ನು ಇಳಿಸಿ, ನಿಧಾನವಾಗಿ ಅಂಗಡಿಯವರೆಗೆ ಹೋಗಬಹುದು.

ಕಾಡಿನ ದಾರಿಯಲ್ಲಿ ಹೋಗುವವರಿಗೆ ಇದು ಇನ್ನೂ ಮುಖ್ಯ. ಗುಂಡ್ಲುಪೇಟೆಯಿಂದ ವಯನಾಡಿನ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರ ಬಂಡೀಪುರ ಭಾಗದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ನಿರ್ಬಂಧವಿದೆ. ತಾಳವಾಡಿಯ ಜನ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ, ಸುತ್ತಲೂ ಆನೆಗಳ ಕಾಡು. ಇಂಥ ದಾರಿಯಲ್ಲಿ ಸಂಜೆ ಹೊತ್ತು ಪಂಕ್ಚರ್ ಆದರೆ ಪಂಕ್ಚರ್ ಅಂಗಡಿ ಸಿಗುವುದಿಲ್ಲ, ತಳ್ಳಿಕೊಂಡು ನಡೆಯುವುದೂ ಅಪಾಯ. ಆದ್ದರಿಂದ ಅನುಮಾನವಿರುವ ಟೈರನ್ನು ಊರಲ್ಲೇ ಸರಿಪಡಿಸಿಕೊಂಡು ಹೊರಡಬೇಕು.

ಟ್ಯೂಬ್ ಟೈರೋ, ಟ್ಯೂಬ್‌ಲೆಸ್ಸೋ?

ಟೈರಿನ ಪಕ್ಕದಲ್ಲೇ ಅದನ್ನು ಬರೆದಿರುತ್ತಾರೆ. ಕಡ್ಡಿ ಚಕ್ರದ ಬೈಕುಗಳಿಗೆ ಸಾಮಾನ್ಯವಾಗಿ ಟ್ಯೂಬ್ ಇರುತ್ತದೆ, ಏಕೆಂದರೆ ರಿಮ್ಮಿನಲ್ಲಿ ಪ್ರತಿ ಕಡ್ಡಿಗೂ ಒಂದು ತೂತಿದ್ದು ಅಲ್ಲಿಂದ ಗಾಳಿ ಹೊರಗೆ ಹೋಗುತ್ತದೆ. ಅಲಾಯ್ ಚಕ್ರಕ್ಕೆ ಹೆಚ್ಚಾಗಿ ಟ್ಯೂಬ್‌ಲೆಸ್, ಆದರೆ ಅಲಾಯ್ ಇದ್ದೂ ಟ್ಯೂಬ್ ಇರುವ ಬೈಕುಗಳು ಉಂಟು.

ಟ್ಯೂಬ್‌ಗೆ ತೂತಾದರೆ ಗಾಳಿ ಒಮ್ಮೆಲೇ ಹೋಗುತ್ತದೆ. ಟ್ಯೂಬ್‌ಲೆಸ್‌ನಲ್ಲಿ ಒಳಪದರದ ರಬ್ಬರ್ ಮೊಳೆಯನ್ನು ಬಿಗಿಯಾಗಿ ಅಪ್ಪಿಕೊಳ್ಳುವುದರಿಂದ ಗಾಳಿ ನಿಧಾನವಾಗಿ ಸೋರುತ್ತದೆ, ಸವಾರನಿಗೆ ನಿಲ್ಲಿಸಲು ಸಮಯ ಸಿಗುತ್ತದೆ. ಅದೇ ಅದರ ದೊಡ್ಡ ಅನುಕೂಲ.

ಇನ್ನೊಂದು ವ್ಯತ್ಯಾಸವನ್ನು ನೆನಪಿಡಬೇಕು. ಟ್ಯೂಬ್ ಟೈರಿನಲ್ಲಿ ಗಾಳಿ ಹಿಡಿಯುವುದು ಟ್ಯೂಬಿನ ಕೆಲಸ. ಮೊಳೆಯಿಂದಾದ ಸಣ್ಣ ತೂತು ಟೈರಿನಲ್ಲಿ ಉಳಿದರೂ ಟ್ಯೂಬ್ ಸರಿಯಾದರೆ ಬೈಕ್ ಓಡುತ್ತದೆ. ಟ್ಯೂಬ್‌ಲೆಸ್‌ನಲ್ಲಿ ಟೈರೇ ಗಾಳಿ ಹಿಡಿಯಬೇಕು, ಹಾಗಾಗಿ ರಿಪೇರಿ ಆಗುವುದು ಟೈರಿಗೇ.

ತೂತು ಎಲ್ಲಿದೆ, ಎಷ್ಟು ದೊಡ್ಡದು?

ನಿರ್ಧಾರದ ಮೊದಲ ಅಳತೆ ಇದು. ನೆಲ ಮುಟ್ಟುವ ದಪ್ಪ ಭಾಗಕ್ಕೆ ಟ್ರೆಡ್ ಎನ್ನುತ್ತಾರೆ, ಮೆಕ್ಯಾನಿಕ್‌ಗಳ ಬಾಯಲ್ಲಿ ಅದು 'ಬಟನ್'. ಅದರ ನಡುಭಾಗದಲ್ಲಿ ಮೊಳೆ, ತಂತಿ, ಮುಳ್ಳು ಚುಚ್ಚಿದ್ದು, ತೂತು 6 ಮಿ.ಮೀ.ಗಿಂತ ಚಿಕ್ಕದಿದ್ದರೆ ಸಾಮಾನ್ಯವಾಗಿ ರಿಪೇರಿ ಸಾಕು.

ಪಕ್ಕದ ಗೋಡೆಯ ಮಾತು ಬೇರೆ. ಅಲ್ಲಿ ರಬ್ಬರ್ ತೆಳ್ಳಗಿದ್ದು, ಚಕ್ರ ಸುತ್ತಿದಂತೆಲ್ಲ ಆ ಭಾಗ ಬಾಗಿ ನೆಟ್ಟಗಾಗುತ್ತಿರುತ್ತದೆ. ಹಾಕಿದ ಪ್ಯಾಚು ಅಲ್ಲಿ ನಿಲ್ಲುವುದಿಲ್ಲ. ಪಕ್ಕದ ಗೋಡೆಯಲ್ಲಿ ತೂತು ಅಥವಾ ಸೀಳು ಬಿದ್ದರೆ ಟೈರ್ ಬದಲಿಸಲೇಬೇಕು. ಟ್ರೆಡ್ಡಿನ ಅಂಚು, ಅಂದರೆ ಬೈಕ್ ತಿರುವಿನಲ್ಲಿ ವಾಲಿದಾಗ ನೆಲ ಮುಟ್ಟುವ ಭುಜದ ಭಾಗಕ್ಕೂ ಇದೇ ಮಾತು ಅನ್ವಯ.

ಕೆಳಗಿನವುಗಳಲ್ಲಿ ಯಾವುದೊಂದು ಕಂಡರೂ ಟೈರಿನ ಆಯಸ್ಸು ಮುಗಿಯಿತು ಎಂದೇ ತಿಳಿಯಬೇಕು:

* ಒಳಗಿನ ನೂಲು ಅಥವಾ ತಂತಿ ಹೊರಗೆ ಕಾಣುತ್ತಿರುವುದು.
* ಪಕ್ಕದಲ್ಲಿ ಮೊಟ್ಟೆಯಂತೆ ಉಬ್ಬಿರುವುದು. ಒಳಗೆ ನೂಲು ತುಂಡಾಗಿದೆ ಎಂಬುದಕ್ಕೆ ಇದು ಗುರುತು.
* ಟೈರ್ ಬಿಚ್ಚಿದಾಗ ಒಳಗೆ ಕಪ್ಪು ರಬ್ಬರ್ ಪುಡಿ ಉದುರುವುದು, ಪಕ್ಕದ ಗೋಡೆಯಲ್ಲಿ ಸುತ್ತಲೂ ಉಜ್ಜಿದ ಗೆರೆ ಇರುವುದು. ಗಾಳಿ ಇಲ್ಲದೆ ಓಡಿಸಿದ ಟೈರು ಹೀಗಿರುತ್ತದೆ.
* ರಿಮ್ಮಿನಲ್ಲಿ ಕೂರುವ ಅಂಚು ಮುರಿದಿರುವುದು ಅಥವಾ ಹರಿದಿರುವುದು.

ಕೊನೆಯ ಎರಡು ಗುರುತುಗಳು ಹೊರಗಿನಿಂದ ಕಾಣುವುದಿಲ್ಲ. ಆದ್ದರಿಂದಲೇ ಟೈರ್ ಬಿಚ್ಚಿದಾಗ ಗಿರಾಕಿಯೂ ಒಮ್ಮೆ ಒಳಗೆ ಕಣ್ಣಾಡಿಸಬೇಕು.

ಟ್ಯೂಬಿಗೆ ಪ್ಯಾಚು ಯಾವಾಗ, ಹೊಸ ಟ್ಯೂಬು ಯಾವಾಗ?

ಒಂದು ಸಣ್ಣ ತೂತಿಗೆ ಪ್ಯಾಚು ಧಾರಾಳ ಸಾಕು. ಟ್ಯೂಬನ್ನು ಉಜ್ಜಿ ಒರಟು ಮಾಡಿ, ಸೊಲ್ಯೂಷನ್ ಹಚ್ಚಿ, ಅದು ಒಣಗಿ ಅಂಟಂಟಾಗುವವರೆಗೆ ಕಾದು, ಆಮೇಲೆ ಪ್ಯಾಚು ಒತ್ತಬೇಕು. ಅವಸರದಲ್ಲಿ ಹಸಿ ಸೊಲ್ಯೂಷನ್ ಮೇಲೆ ಅಂಟಿಸಿದ ಪ್ಯಾಚು ಬಿಸಿಲಿಗೆ ಏಳುತ್ತದೆ. ಬಿಸಿ ಕೊಟ್ಟು ಕೂರಿಸುವ ವಲ್ಕನೈಸಿಂಗ್ ಪ್ಯಾಚು ಇನ್ನೂ ಗಟ್ಟಿ. ನಂತರ ನೀರಿನ ತೊಟ್ಟಿಯಲ್ಲಿ ಇಡೀ ಟ್ಯೂಬನ್ನು ಮುಳುಗಿಸಿ ನೋಡಬೇಕು, ಏಕೆಂದರೆ ಒಂದು ತೂತಿನ ಜೊತೆ ಇನ್ನೊಂದು ಇರುವುದು ಅಪರೂಪವಲ್ಲ.

ಹೊಸ ಟ್ಯೂಬು ಬೇಕಾಗುವ ಸಂದರ್ಭಗಳು ಇವು: ವಾಲ್ವಿನ ಬುಡ ಹರಿದಿದ್ದರೆ, ಉದ್ದಕ್ಕೆ ಸೀಳಿದ್ದರೆ, ಪ್ಯಾಚಿನ ಮೇಲೆ ಪ್ಯಾಚು ಬರುವಂತಿದ್ದರೆ, ರಬ್ಬರ್ ಮೆತ್ತಗಾಗಿ ಹಿಗ್ಗಿದ್ದರೆ. ಹೊಸ ಟೈರು ಹಾಕಿಸುವಾಗಲೂ ಟ್ಯೂಬು ಹೊಸದೇ ಇರಲಿ. ಹಿಗ್ಗಿದ ಹಳೆ ಟ್ಯೂಬು ಹೊಸ ಟೈರಿನೊಳಗೆ ಮಡಿಚಿಕೊಂಡು, ಆ ಮಡಿಕೆಯಲ್ಲೇ ತೂತಾಗುತ್ತದೆ.

ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ಸೀಳು ಕಂಡರೆ ಮೊಳೆಯನ್ನು ಹುಡುಕಬೇಕಾಗಿಲ್ಲ. ಗಾಳಿ ಕಡಿಮೆ ಇದ್ದು ಗುಂಡಿಗೆ ಇಳಿದಾಗ ರಿಮ್ಮು ಟ್ಯೂಬನ್ನು ಕಚ್ಚಿದೆ. ಒಳಬದಿಯಲ್ಲಿ, ಅಂದರೆ ರಿಮ್ಮಿನ ಕಡೆಗೆ ತೂತಾಗಿದ್ದರೆ ಕಡ್ಡಿಯ ತುದಿ ಚುಚ್ಚಿರಬಹುದು, ರಿಮ್ ಟೇಪ್ ಹರಿದಿರಬಹುದು. ವಾಲ್ವ್ ಓರೆಯಾಗಿ ನಿಂತಿದ್ದರೆ ಟ್ಯೂಬು ಒಳಗೆ ಜರುಗಿದೆ. ಕಾರಣ ಸರಿಪಡಿಸದೆ ಪ್ಯಾಚು ಹಾಕಿಸಿದರೆ ವಾರದೊಳಗೆ ಮತ್ತೆ ಅದೇ ಅಂಗಡಿ.

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಒಂದಿದೆ. ಟ್ಯೂಬ್ ಸರಿಯಾದ ಮೇಲೆ ಟೈರಿನ ಒಳಗೆ ಬಟ್ಟೆಯಿಂದ ಸುತ್ತಲೂ ಸವರಿ ನೋಡಬೇಕು. ಮುರಿದ ಮುಳ್ಳಿನ ತುದಿ ಅಲ್ಲೇ ಉಳಿದಿದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಬರಿಗೈ ಹಾಕಿದರೆ ಬೆರಳಿಗೇ ಚುಚ್ಚೀತು.

ಟ್ಯೂಬ್‌ಲೆಸ್: ಸ್ಟ್ರಿಪ್ ಮತ್ತು ಮಶ್ರೂಮ್

ಟೈರ್ ಬಿಚ್ಚದೆ ಹೊರಗಿನಿಂದಲೇ ಅಂಟಿನ ಹುರಿ ತುರುಕುವುದಕ್ಕೆ ಸ್ಟ್ರಿಪ್ ಎನ್ನುತ್ತಾರೆ. ಐದೇ ನಿಮಿಷದ ಕೆಲಸ. ರಸ್ತೆಯಿಂದ ಮನೆ ಸೇರಲು ಇದು ಒಳ್ಳೆಯ ಉಪಾಯ. ಅದರಲ್ಲೇ ಸಾವಿರಾರು ಕಿಲೋಮೀಟರ್ ಓಡಿಸುವವರಿದ್ದಾರೆ ನಿಜ, ಆದರೆ ಟೈರ್ ತಯಾರಕರು ಇದನ್ನು ತಾತ್ಕಾಲಿಕ ಎಂದೇ ಪರಿಗಣಿಸುತ್ತಾರೆ. ಕಾರಣ ಸರಳ: ಒಳಗೆ ಏನಾಗಿದೆ ಎಂದು ಯಾರೂ ನೋಡಿಲ್ಲ.

ಟೈರ್ ಬಿಚ್ಚಿ, ಒಳಗಿನಿಂದ ಅಣಬೆಯ ಆಕಾರದ ಪ್ಲಗ್ ಎಳೆದು ಕೂರಿಸುವುದು ಮಶ್ರೂಮ್ ರಿಪೇರಿ. ಅದರ ಕಾಂಡ ತೂತನ್ನು ತುಂಬುತ್ತದೆ, ಕೊಡೆಯಂಥ ತಲೆ ಒಳಪದರಕ್ಕೆ ಅಂಟಿ ಗಾಳಿ ತಡೆಯುತ್ತದೆ. ಖರ್ಚು ಹೆಚ್ಚು, ಸಮಯವೂ ಹೆಚ್ಚು, ಆದರೆ ಬಾಳಿಕೆ ಬರುವುದು ಇದೇ. ರಿಪೇರಿಯಾದ ಮೊದಲ 24 ಗಂಟೆ 80 ಕಿ.ಮೀ. ವೇಗ ಮೀರದಿರುವುದು ಒಳ್ಳೆಯದು.

ಒಂದೇ ಕಡೆ ಹತ್ತಿರ ಹತ್ತಿರ ಎರಡು ತೂತುಗಳಿದ್ದರೆ, ಹಳೆ ರಿಪೇರಿಯ ಮೇಲೆಯೇ ಹೊಸ ತೂತು ಬಿದ್ದರೆ ಟೈರ್ ಬದಲಿಸುವುದು ಸೂಕ್ತ.

'ಟ್ಯೂಬ್‌ಲೆಸ್ ಒಳಗೆ ಒಂದು ಟ್ಯೂಬ್ ಹಾಕಿಬಿಡಿ' ಎಂಬ ಸಲಹೆ ಹಳ್ಳಿಗಳಲ್ಲಿ ಸಾಮಾನ್ಯ. ಬೇರೆ ದಾರಿ ಇಲ್ಲದಾಗ ಊರು ಸೇರಲು ಇದು ಆದೀತು. ಖಾಯಂ ಮಾಡಿಕೊಂಡರೆ ಟ್ಯೂಬು ಮತ್ತು ಟೈರು ಒಂದಕ್ಕೊಂದು ಉಜ್ಜಿ ಬಿಸಿ ಹೆಚ್ಚುತ್ತದೆ, ನಿಧಾನವಾಗಿ ಸೋರುವ ಅನುಕೂಲವೂ ಕೈತಪ್ಪುತ್ತದೆ. ಪಕ್ಕದ ಗೋಡೆ ಸೀಳಿದ ಟೈರಿಗೆ ಟ್ಯೂಬ್ ಹಾಕಿ ಓಡಿಸುವುದಂತೂ ಬೇಡವೇ ಬೇಡ.

ಪಂಕ್ಚರ್ ತಡೆಯುವ ದ್ರವ ತುಂಬಿಸಿದ್ದರೆ ಮೆಕ್ಯಾನಿಕ್‌ಗೆ ಮೊದಲೇ ಹೇಳಬೇಕು. ಅದನ್ನು ಪೂರ್ತಿ ಒರೆಸದಿದ್ದರೆ ಪ್ಯಾಚು ಹಿಡಿಯುವುದಿಲ್ಲ. ಪದೇ ಪದೇ ಗಾಳಿ ಇಳಿದರೂ ತೂತು ಸಿಗದಿದ್ದರೆ ಸೋಪಿನ ನೀರನ್ನು ವಾಲ್ವಿಗೂ ರಿಮ್ಮಿನ ಅಂಚಿಗೂ ಹಾಕಿ ನೋಡಿ. ಗುಳ್ಳೆ ಅಲ್ಲಿ ಬಂದರೆ ತಪ್ಪು ಟೈರಿನದ್ದಲ್ಲ. ಗುಂಡಿಗೆ ಬಿದ್ದು ರಿಮ್ ಬಾಗಿರಬಹುದು, ವಾಲ್ವ್ ಹಳೆಯದಾಗಿರಬಹುದು.

ಸವಕಳಿ ಮತ್ತು ವಯಸ್ಸು

ತೂತು ಸಣ್ಣದು, ನಡುಭಾಗದಲ್ಲಿದೆ, ರಿಪೇರಿ ಆಗುತ್ತದೆ. ಹಾಗಿದ್ದರೂ ಮಾಡಿಸಬೇಕೇ? ಇಲ್ಲಿ ಟೈರಿನ ಸವಕಳಿ ನೋಡಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮವು ದ್ವಿಚಕ್ರ ವಾಹನದ ಟ್ರೆಡ್ ಆಳಕ್ಕೆ 0.8 ಮಿ.ಮೀ. ಕನಿಷ್ಠ ಮಿತಿ ಹಾಕಿದೆ. ಟ್ರೆಡ್ಡಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ದಿಮ್ಮಿಗಳಿರುತ್ತವೆ. ಸವೆದ ಟ್ರೆಡ್ಡು ಆ ದಿಮ್ಮಿಯ ಮಟ್ಟಕ್ಕೆ ಬಂತೆಂದರೆ ಟೈರು ಬದಲಿಸುವ ಕಾಲ ಬಂತು. ಅಳತೆ ಮಾಡಲು ಸಲಕರಣೆ ಬೇಕಿಲ್ಲ: ಗೀರಿನೊಳಗೆ ಬೆಂಕಿಕಡ್ಡಿ ಇಳಿಸಿ, ಉಗುರಿನಿಂದ ಗುರುತು ಹಿಡಿದು, ಮಕ್ಕಳ ಸ್ಕೇಲಿನ ಮೇಲಿಟ್ಟರೆ ಅಂದಾಜು ಸಿಗುತ್ತದೆ.

ಸವೆದ ಟೈರಿಗೆ ಮುಳ್ಳು ಬೇಗ ಇಳಿಯುತ್ತದೆ. ಒಂದೇ ತಿಂಗಳಲ್ಲಿ ಎರಡು ಮೂರು ಪಂಕ್ಚರ್ ಆದರೆ ದುರದೃಷ್ಟ ಎನ್ನುವ ಮೊದಲು ಟ್ರೆಡ್ ನೋಡುವುದು ಒಳ್ಳೆಯದು. ಕಾಸರಗೋಡಿನಂಥ ಭಾರೀ ಮಳೆಯ ಜಿಲ್ಲೆಯಲ್ಲಿ ಬೋಳು ಟೈರಿನ ಅಪಾಯ ಇನ್ನೂ ಹೆಚ್ಚು. ಗೀರುಗಳ ಕೆಲಸವೇ ಅಡಿಯ ನೀರನ್ನು ಪಕ್ಕಕ್ಕೆ ತಳ್ಳುವುದು. ಗೀರಿಲ್ಲದಿದ್ದರೆ ಟೈರು ನೀರಿನ ಮೇಲೆ ಜಾರುತ್ತದೆ.

ವಯಸ್ಸು ತಿಳಿಯಲು ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಹುಡುಕಿ. 3523 ಎಂದಿದ್ದರೆ 2023ರ 35ನೇ ವಾರದಲ್ಲಿ ತಯಾರಾದದ್ದು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆಯಾದರೂ ಸೂಕ್ಷ್ಮವಾಗಿ ಪರೀಕ್ಷಿಸಬೇಕು. ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿದ್ದರೆ ಟ್ರೆಡ್ ಎಷ್ಟೇ ಇದ್ದರೂ ಅದಕ್ಕೆ ಪಂಕ್ಚರ್ ಹಾಕಿಸುವುದು ದಂಡ. ಹತ್ತು ವರ್ಷವಾದ ಟೈರು ನೋಡಲು ಚೆನ್ನಾಗಿದ್ದರೂ ಬಳಸಬಾರದು.

ದುಡ್ಡಿನ ಲೆಕ್ಕ

ರಾಯದುರ್ಗದ ಕಡೆಯ ಹಾಲಿನ ವ್ಯಾಪಾರಿಯೊಬ್ಬರ ಬೈಕಿನ ಹಿಂದಿನ ಟೈರು ಪಂಕ್ಚರ್ ಆಗಿದೆ ಎಂದಿಟ್ಟುಕೊಳ್ಳಿ. ಹೊಸದಿದ್ದಾಗ ಟ್ರೆಡ್ 6 ಮಿ.ಮೀ., ಈಗ 1.5 ಮಿ.ಮೀ. ಉಳಿದಿದೆ. ಕಾನೂನಿನ ಮಿತಿ 0.8 ಬಿಟ್ಟರೆ ಒಟ್ಟು ಬಳಸಬಹುದಾಗಿದ್ದದ್ದು 5.2 ಮಿ.ಮೀ., ಇನ್ನು ಉಳಿದದ್ದು 0.7 ಮಿ.ಮೀ. ಅಂದರೆ ಶೇಕಡಾ 13ರಷ್ಟು. ಹೊಸ ಟೈರಿಗೆ 2000 ರೂಪಾಯಿ ಎಂದಾದರೆ ಹಳೆ ಟೈರಿನಲ್ಲಿ ಉಳಿದಿರುವ ಬೆಲೆ 270 ರೂಪಾಯಿ ಮಾತ್ರ. ಅದಕ್ಕೆ 200 ರೂಪಾಯಿಯ ರಿಪೇರಿ ಮಾಡಿಸುವುದು ಲಾಭವಲ್ಲ, ಬದಲಿಸುವುದೇ ಜಾಣತನ. ಅದೇ ಟೈರಿನಲ್ಲಿ 4 ಮಿ.ಮೀ. ಉಳಿದಿದ್ದರೆ 1200 ರೂಪಾಯಿಗೂ ಹೆಚ್ಚಿನ ಬೆಲೆ ಇನ್ನೂ ಇದೆ. ಆಗ ಒಳ್ಳೆಯ ರಿಪೇರಿಗೆ ದುಡ್ಡು ಹಾಕಬಹುದು.

ಮುಂದಿನ ಟೈರಿನ ವಿಷಯದಲ್ಲಿ ಮಾತ್ರ ಈ ಲೆಕ್ಕವನ್ನು ಬದಿಗಿಡಿ. ಬೈಕಿನ ದಿಕ್ಕನ್ನೂ ಬ್ರೇಕಿನ ಬಹುಪಾಲು ಬಲವನ್ನೂ ಹೊರುವುದು ಮುಂದಿನ ಚಕ್ರ. ಅದು ಕೈಕೊಟ್ಟರೆ ಸಾವರಿಸಿಕೊಳ್ಳುವುದು ಕಷ್ಟ. ಅನುಮಾನ ಬಂದರೆ ಬದಲಿಸಿ.

ವಿಮೆಯಿಂದ ಹಣ ಬರುತ್ತದೆಂಬ ನಿರೀಕ್ಷೆ ಬೇಡ. ಸಾಮಾನ್ಯ ದ್ವಿಚಕ್ರ ವಾಹನ ವಿಮೆಯಲ್ಲಿ ಬರೀ ಟೈರು, ಟ್ಯೂಬಿನ ಹಾನಿಗೆ ಪರಿಹಾರವಿಲ್ಲ. ಅಪಘಾತದಲ್ಲಿ ವಾಹನಕ್ಕೂ ಹಾನಿಯಾಗಿದ್ದರೆ ಮಾತ್ರ, ಅದೂ ಬದಲಿಸುವ ವೆಚ್ಚದ ಅರ್ಧದವರೆಗೆ.

ಹೊಸ ಟೈರು ಕೊಳ್ಳುವಾಗ

ಗಡಿ ಹಳ್ಳಿಗಳ ಜನ ಪೆಟ್ರೋಲ್ ಹಾಕಿಸಲು ರಾಜ್ಯದ ಗಡಿ ದಾಟುವುದುಂಟು. ಪೆಟ್ರೋಲ್ ಮೇಲಿನ ತೆರಿಗೆ ರಾಜ್ಯದಿಂದ ರಾಜ್ಯಕ್ಕೆ ಬೇರೆ ಇರುವುದೇ ಅದಕ್ಕೆ ಕಾರಣ. ಟೈರಿಗೆ ಆ ಲಾಭ ಇಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಎಲ್ಲ ರಾಜ್ಯಗಳಲ್ಲೂ ತೆರಿಗೆ ಒಂದೇ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಹಾಗಾಗಿ ಹತ್ತಿರದ ಅಂಗಡಿಯಲ್ಲೇ ಬಿಲ್ ಸಮೇತ ಕೊಳ್ಳುವುದು ಮೇಲು, ದೋಷ ಕಂಡರೆ ಮರಳಿ ಹೋಗಿ ಕೇಳಲೂ ಅನುಕೂಲ.

ಟೈರಿನ ಮೇಲಿನ ಬರಹ ಓದುವುದು ಕಷ್ಟವಲ್ಲ. 100/90-17 55P ಎಂದಿದ್ದರೆ ಅಗಲ 100 ಮಿ.ಮೀ., ಎತ್ತರ ಆ ಅಗಲದ ಶೇಕಡಾ 90, ರಿಮ್ 17 ಇಂಚು. 55 ಎಂದರೆ 218 ಕಿಲೋ ಭಾರ ಹೊರುವ ಶಕ್ತಿ, ಪಿ ಎಂದರೆ ಗಂಟೆಗೆ 150 ಕಿ.ಮೀ. ವೇಗದ ಮಿತಿ. ಕಂಪನಿ ಸೂಚಿಸಿದ ಅಳತೆಯನ್ನೇ ಹಾಕಿಸಿ. ಐಎಸ್‌ಐ ಗುರುತು ಇದೆಯೇ ನೋಡಿ. ತಯಾರಿಯ ವಾರ, ವರ್ಷ ನೋಡದೆ ದುಡ್ಡು ಕೊಡಬೇಡಿ. ಅಗ್ಗಕ್ಕೆ ಸಿಗುವ ರಿಸೋಲ್ ಟೈರು ಬೈಕಿಗೆ ಬೇಡ.

ಹಾಕಿಸುವಾಗ ಟೈರಿನ ಪಕ್ಕದ ಬಾಣದ ಗುರುತು ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೆ ಇರಬೇಕು. ರಿಮ್ಮಿನ ಪಕ್ಕದ ಗೆರೆ ಸುತ್ತಲೂ ಒಂದೇ ಸಮನಾಗಿ ಕಾಣಬೇಕು. ಹೊಸ ಟೈರಿನ ಮೇಲ್ಮೈ ನುಣುಪಾಗಿರುವುದರಿಂದ ಮೊದಲ ನೂರಿನ್ನೂರು ಕಿ.ಮೀ. ತಿರುವುಗಳಲ್ಲಿ ನಿಧಾನವಿರಲಿ.

ಮುಳ್ಳಿನ ಸೀಮೆಯವರಿಗೆ

ಆದೋನಿ, ರಾಯದುರ್ಗ, ಮಡಕಶಿರಾದ ಕಡೆ ಪಂಕ್ಚರಿಗೆ ದೊಡ್ಡ ಕಾರಣ ಬಳ್ಳಾರಿ ಜಾಲಿ. ತೆಲುಗಿನವರು ಅದನ್ನು 'ಸರ್ಕಾರು ತುಮ್ಮ' ಎನ್ನುತ್ತಾರೆ, ತಮಿಳರು 'ಸೀಮೈ ಕರುವೇಲಂ', ಮರಾಠಿಗರು 'ವೇಡೀ ಬಾಭೂಳ'. ಬೇಲಿಗೆ ಕಡಿದ ಕೊಂಬೆ ದಾರಿಗೆ ಬಿದ್ದರೆ ಅದರ ಮುಳ್ಳು ಒಣಗಿದ ಮೇಲೂ ಟೈರು ತೂರುತ್ತದೆ. ಕಬ್ಬಿನ ಗಾಡಿಗಳು ಓಡಾಡುವ ಸೊಲ್ಲಾಪುರ ಸೀಮೆಯಲ್ಲಿ ಎತ್ತಿನ ಲಾಳದ ಮೊಳೆಗಳ ಕಾಟ. ಮುಂದಿನ ಚಕ್ರ ಎಬ್ಬಿಸಿದ ಮೊಳೆ ಹಿಂದಿನದಕ್ಕೆ ಚುಚ್ಚುತ್ತದೆ. ಹೆಚ್ಚಿನ ಭಾರವೂ ಹಿಂದೆಯೇ. ಅದಕ್ಕೇ ಹಿಂದಿನ ಟೈರಿಗೆ ಪಂಕ್ಚರ್ ಜಾಸ್ತಿ.

ಮುಳ್ಳನ್ನು ತಪ್ಪಿಸಲಾಗದು, ಗಾಳಿಯನ್ನು ಸರಿಯಾಗಿಡಬಹುದು. ಹೆಚ್ಚಿನ ಸಣ್ಣ ಬೈಕುಗಳಿಗೆ ಮುಂದೆ ಸುಮಾರು 25, ಹಿಂದೆ 28ರ ಆಸುಪಾಸು ಪಿಎಸ್‌ಐ ಬೇಕು, ಹಿಂದೆ ಜನ ಕೂತರೆ ಇನ್ನೂ ಹೆಚ್ಚು. ನಿಖರ ಅಂಕಿ ಬೈಕಿನ ಪುಸ್ತಕದಲ್ಲೋ ಚೈನ್ ಕವರ್ ಬಳಿಯ ಚೀಟಿಯಲ್ಲೋ ಇರುತ್ತದೆ. ವಾರಕ್ಕೊಮ್ಮೆ, ಟೈರು ತಣ್ಣಗಿದ್ದಾಗ ನೋಡಬೇಕು.

ಒಂದೇ ನೋಟಕ್ಕೆ

* ಟ್ರೆಡ್ ನಡುವೆ ಸಣ್ಣ ತೂತು, ಟ್ರೆಡ್ ಚೆನ್ನಾಗಿದೆ: ರಿಪೇರಿ ಮಾಡಿಸಿ.
* ಪಕ್ಕದ ಗೋಡೆಯಲ್ಲಿ ತೂತು, ಸೀಳು ಅಥವಾ ಉಬ್ಬು: ಬದಲಿಸಿ.
* ತೂತು 6 ಮಿ.ಮೀ.ಗಿಂತ ದೊಡ್ಡದು, ನೂಲು ಕಾಣುತ್ತಿದೆ: ಬದಲಿಸಿ.
* ಗಾಳಿ ಇಲ್ಲದೆ ದೂರ ಓಡಿಸಿದೆ: ಬಿಚ್ಚಿ ಒಳಗೆ ನೋಡಿ. ಪುಡಿ ಉದುರಿದರೆ ಬದಲಿಸಿ.
* ಟ್ರೆಡ್ ದಿಮ್ಮಿಯ ಮಟ್ಟಕ್ಕೆ ಸವೆದಿದೆ, ಬಿರುಕು ಬಿಟ್ಟಿದೆ: ಬದಲಿಸಿ.
* ಸ್ಟ್ರಿಪ್ ಹಾಕಿಸಿದೆ: ಊರು ಸೇರಿದ ಮೇಲೆ ಬಿಚ್ಚಿಸಿ ಒಳಗಿನಿಂದ ಮಶ್ರೂಮ್ ಹಾಕಿಸಿ.
* ಮುಂದಿನ ಟೈರಿನ ಬಗ್ಗೆ ಅನುಮಾನ: ಬದಲಿಸಿ.

ಪಂಕ್ಚರ್ ಅಂಗಡಿಯ ಬೆಂಚಿನ ಮೇಲೆ ಕೂತು ಚಹಾ ಕುಡಿಯುವ ಹೊತ್ತಿನಲ್ಲಿ ಇಷ್ಟನ್ನು ನೋಡಿ ಮುಗಿಸಬಹುದು. ಮುಂದಿನ ಬಾರಿ ಟೈರು ಬಿಚ್ಚಿದಾಗ ಬೆಂಚಿನಿಂದೆದ್ದು ಒಮ್ಮೆ ಒಳಗೆ ಬಗ್ಗಿ ನೋಡಿ.